ಶಾಹಿದಾಳ ಗೋಡೆ ಭಾರವಾಗಿರಲಿಲ್ಲ

ಸುರಪುರದ ಶಾಹಿದಾಳ ಗೋಡೆ ಭಾರವಾಗಿರಲಿಲ್ಲ. ಭಾರವಾಗಿದೆ ಎಂದು ನಾನು ಬರೆದದ್ದು ಸುಳ್ಳು — ಗೊತ್ತಿದ್ದೂ, ಹೊಟ್ಟೆಕಿಚ್ಚಿನಿಂದ ಬರೆದ ಸುಳ್ಳು. ಆ ಸುಳ್ಳನ್ನು ನಂಬಿ ಅವಳು ಒಂದು ಚಂದದ ಗೋಡೆಯನ್ನು ಅಳಿಸಿದಳು. ಈ ಗುಂಪಿನ ನೀವೆಲ್ಲ ಆ ಸುಳ್ಳಿಗೆ ಮೆಚ್ಚುಗೆ ಒತ್ತಿದಿರಿ. ಶಾಹಿದಾಳಿಗೆ ಈ ವಿಷಯ ಗೊತ್ತಾಗಿ ಬಹಳ ದಿನವಾಯಿತು. ನಿಮಗೆ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಈಚೆಗೆ ಗುಂಪು ಸೇರಿದವರಿಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಕಾಲುವೆಗೆ ನೀರು ಬಂದ ಮೇಲೆ ನಮ್ಮ ಕಡೆ ಭತ್ತ ಬಂತು, ಭತ್ತ ಬಂದ ಮೇಲೆ ಮನೆಗಳು ಬಂದವು. ಶಹಾಪುರ, ಸುರಪುರ, ಯಾದಗಿರಿ — ಎಲ್ಲಿ ನೋಡಿದರೂ ಹೊಸ ಗೋಡೆ, ಹೊಸ ಬಣ್ಣ. ಆಮೇಲೆ ಎಲ್ಲರ ಕೈಗೂ ಫೋನು ಬಂತು. ಮನೆ ಸಿಂಗರಿಸಿದವರು ಫೇಸ್‌ಬುಕ್ಕಿನ ಈ ಗುಂಪಿನಲ್ಲಿ ಫೋಟೊ ಹಾಕತೊಡಗಿದರು. ಕೆಳಗೆ ಎಲ್ಲರೂ ಒಂದೇ ಮಾತು ಬರೆಯುತ್ತಿದ್ದರು — ಸೂಪರ್, ಸೂಪರ್, ಸೂಪರ್. ನಾನೊಬ್ಬಳು ಮಾತ್ರ ನೋಡಿ, ಯೋಚಿಸಿ, ಕಂಡದ್ದನ್ನು ಮೆತ್ತಗೆ ಹೇಳುತ್ತಿದ್ದೆ. ಹತ್ತಿಕುಣಿಯ ಟೀಚರೊಬ್ಬರು ಅಡುಗೆಮನೆಗೆ ಕುಂಕುಮದ ಕೆಂಪು ಹಚ್ಚಿಸಿದಾಗ, ‘ಬಣ್ಣ ಚಂದ ಅದ ಟೀಚರ್, ಆದ್ರ ಒಲಿ ಮುಂದ ನಿಂತ್ರ ಇನ್ನೂ ಸೆಕಿ ಅನಸ್ತದ, ಇದನ್ನ ಹೊರಗಿನ ಬಾಗಿಲಿಗಿ ಹಚ್ಚಿ ನೋಡ್ರಿ’ ಎಂದು ಬರೆದೆ. ಅವರು ಹಚ್ಚಿದರು. ಓಣಿಯವರೆಲ್ಲ ಬಂದು ಬಾಗಿಲು ನೋಡಿ ಹೋದರಂತೆ. ಮುದನಾಳದ ರೈತರೊಬ್ಬರು ತಮ್ಮ ಕೊಟ್ಟಿಗೆಗೆ ಬಣ್ಣದ ಕಾಗದ ಕಟ್ಟಿ, ಟ್ಯೂಬ್‌ಲೈಟ್ ಹಾಕಿ, ‘ನಮ್ಮ ಎತ್ತಿನ ಮನಿ ಹ್ಯಾಂಗ ಅದರಿ?’ ಎಂದು ಕೇಳಿದರು. ಉಳಿದವರು ನಕ್ಕರು. ನಾನು, ‘ಭಾಳ ಚಂದ ಅದರಿ, ಆದ್ರ ಬೆಳಕು ಎತ್ತಿನ ಕಣ್ಣಿಗಿ ಬೀಳಾಕತ್ತದ, ಹಿಂದಿನ ಗ್ವಾಡಿಗಿ ಹಾಕ್ರಿ’ ಎಂದೆ. ಮರುದಿನ ಅವರು ಮತ್ತೊಂದು ಫೋಟೊ ಹಾಕಿದರು — ಎತ್ತು ಆರಾಮಾಗಿ ಮಲಗಿತ್ತು.

ಎಷ್ಟು ಸಂತೋಷದ ದಿನಗಳು ಅವು! ‘ಖರೇ ಹೇಳೋ ಅಕ್ಕ’ ಎಂದು ನೀವೇ ನನಗೆ ಹೆಸರಿಟ್ಟಿರಿ. ಮಹಾದೇವಿ ಎಂಬ ನನ್ನ ಹೆಸರನ್ನು ಎಷ್ಟೋ ಜನ ಮರೆತೇಬಿಟ್ಟಿದ್ದರು.

ಆದರೆ ಒಂದು ಮಾತನ್ನು ನಾನು ಯಾವತ್ತೂ ಬರೆದಿರಲಿಲ್ಲ. ಎಲ್ಲರ ಗೋಡೆಗೆ ಬಣ್ಣ ಹೇಳುವ ನನಗೆ ನನ್ನದೇ ಎಂಬ ಒಂದು ಗೋಡೆ ಇರಲಿಲ್ಲ. ನನ್ನ ಯಜಮಾನರು ಕಾಲುವೆಯ ಕೆಲಸದವರು. ಭೀಮರಾಯನಗುಡಿಯ ಕ್ಯಾಂಪಿನಲ್ಲಿ ಸರಕಾರಿ ಕ್ವಾರ್ಟರ್ಸು. ಸಾಲಾಗಿ ಒಂದೇ ಥರದ ಮನೆ, ಒಂದೇ ಥರದ ಸುಣ್ಣ. ಮೊಳೆ ಹೊಡೆಯಲೂ ಹಿಂದೆ ಮುಂದೆ ನೋಡಬೇಕು. ಮದುವೆಯಾಗಿ ಬಂದಾಗಿನಿಂದ ಅಲ್ಲೇ. ‘ಮಂದಿ ಮನಿಗಿ ಬಣ್ಣ ಹೇಳೋದ ಆತು. ನಮ್ಮ ಮನಿಗಿ ಯಾವಾಗ?’ ಎಂದು ಯಜಮಾನರು ಚೇಷ್ಟೆ ಮಾಡುತ್ತಿದ್ದರು. ‘ನಮ್ಮ ಮನಿ ಎಲ್ಲಿ ಅದರಿ?’ ಎಂದು ನಾನೂ ನಗುತ್ತಿದ್ದೆ. ನಗುವುದು ಕಷ್ಟವೇನೂ ಆಗುತ್ತಿರಲಿಲ್ಲ — ಆ ಗೋಡೆ ನೋಡುವ ತನಕ.

ಶಾಹಿದಾ ಗುಂಪಿಗೆ ಹೊಸಬಳು. ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತಿದ್ದಾಗ ಅವಳ ಫೋಟೊ ಬಂತು. ಸಣ್ಣ ಹಾಲ್, ಮನೆಯ ಮುಂದಿನ ಕೋಣೆ. ಎದುರಿನ ಗೋಡೆಗೆ ಗಾಢ ನೀಲಿ. ಗೋಡೆಯ ನಡುವೆ ಹಳೆಯ ಕಾಲದ ದೀಪದ ಗೂಡು. ಆ ಗೂಡಿನ ಸುತ್ತ ದಾಳಿಂಬೆ ಬಳ್ಳಿಯ ಹಾಗೆ ಹಬ್ಬಿತ್ತು — ದಾಳಿಂಬೆ ಬಳ್ಳಿಯಲ್ಲ, ಗೊತ್ತು, ಆದರೆ ಅಲ್ಲಿ ಅದು ಬಳ್ಳಿಯಾಗಿ ಸೂರಿನ ತನಕ ಹತ್ತಿತ್ತು. ಕೆಂಪು ಹೂ, ಬಾಯಿಬಿಟ್ಟ ಹಣ್ಣು, ಬಂಗಾರದ ಅಂಚಿನ ಎಲೆ. ಕೆಳಗೆ ಬರೆದಿದ್ದಳು: ‘ಹ್ಯಾಂಗ ಆಗ್ಯಾದರಿ? ಮಹಾದೇವಿ ಅಕ್ಕಾರು ಹೇಳ್ರಿ. ನೀವು ಖರೇ ಹೇಳ್ತೀರಂತ.’

ಮೊದಲು ನನಗೆ ಸಂತೋಷವೇ ಆಯಿತು. ಕೈಯಲ್ಲಿದ್ದ ಅಕ್ಕಿ ಜಾರಿ ಮೊರಕ್ಕೆ ಬಿತ್ತು. ಆಮೇಲೆ ತಲೆಯೆತ್ತಿದೆ. ಎದುರಿಗೆ ನಮ್ಮ ಕ್ವಾರ್ಟರ್ಸಿನ ಸುಣ್ಣದ ಗೋಡೆ, ಅದರ ಮೇಲೆ ಸೋರಿದ ನೀರಿನ ಹಳದಿ ಕಲೆ. ಇವಳಿಗ್ಯಾಕೆ ಇಷ್ಟು — ಎಂದಿತೋ ಏನೋ ಮನಸ್ಸು. ಪೂರ್ತಿ ಮಾತಾಗಿ ಬರಲಿಲ್ಲ. ಬೆರಳು ಮಾತ್ರ ಬರೆಯಿತು:

‘ಶಾಹಿದಾ, ನಿನ್ನ ಕೈ ಛಲೋ ಅದ ತಂಗಿ. ಆದ್ರ ಸಣ್ಣ ಹಾಲಿಗಿ ಇಷ್ಟು ಬಣ್ಣ ಭಾರ ಆಗ್ತದ. ಕೆನಿ ಬಣ್ಣ ಹಚ್ಚು, ಮನಿ ದೊಡ್ಡದು ಕಾಣ್ತದ. ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ.’

ಎಷ್ಟು ಮೆತ್ತಗಿನ ಮಾತು ನೋಡಿ. ಬೈದಿದ್ದರೆ ಅವಳು ತಿರುಗಿ ಬೈದು, ಗೋಡೆಯನ್ನು ಉಳಿಸಿಕೊಳ್ಳುತ್ತಿದ್ದಳು. ಒಳ್ಳೆಯ ಮಾತಿಗೆ ಅವಳು ಏನು ಮಾಡಬೇಕಿತ್ತು?

ವಾರದೊಳಗೆ ಇನ್ನೊಂದು ಫೋಟೊ ಬಂತು. ಅದೇ ಗೂಡು, ಸುತ್ತ ಕೆನೆ ಬಣ್ಣ. ‘ಅಕ್ಕಾರು ಹೇಳಿದ್ರಂತ ಅಳಿಸಿದೆ. ಈಗ ಮನಿ ದೊಡ್ಡದು ಕಾಣಾಕತ್ತದ. ಭಾಳ ಉಪಕಾರ ಆತು ಅಕ್ಕಾ.’ ನೀವೆಲ್ಲ ಹೃದಯ ಒತ್ತಿದಿರಿ. ನಾನೂ ಒತ್ತಿದೆ. ಒತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡೆ — ಯಾಕೋ.

ಆಮೇಲೆ ಶಾಹಿದಾ ಎಲ್ಲವನ್ನೂ ನನ್ನನ್ನೇ ಕೇಳತೊಡಗಿದಳು. ಪರದೆ ಯಾವ ಬಣ್ಣದ್ದು, ಸೋಫಾಕ್ಕೆ ಎಂಥ ಚಾದರ. ನಾನು ಮನಸಾರೆ ಹೇಳಿದೆ, ಉಳಿದ ಎಲ್ಲರಿಗಿಂತ ಹೆಚ್ಚು ಹೊತ್ತು ಕೂತು ಯೋಚಿಸಿ ಹೇಳಿದೆ. ಅದರಿಂದ ಆ ಗೋಡೆಗೆ ಏನಾದರೂ... ಇಲ್ಲ, ಏನೂ ಆಗಲಿಲ್ಲ. ಅವಳು ಮತ್ತೆ ಗೋಡೆಯ ಮೇಲೆ ಏನನ್ನೂ ಬರೆಯಲಿಲ್ಲ. ‘ಈಗ ಹೂ ಬರಿಯೋದು ಬಿಟ್ಟಿಯೇನು?’ ಎಂದು ಒಮ್ಮೆ ಕೇಳಿದೆ. ‘ನನಗ ಅಂದಾಜು ಗೊತ್ತಾಗಂಗಿಲ್ಲ ಅಕ್ಕಾ, ಭಾರ ಮಾಡಿಬಿಡ್ತೀನಿ’ ಎಂದು ಬರೆದಳು. ನಾನು ಫೋನು ಕೆಳಗಿಟ್ಟೆ. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ.

ರಂಜಾನ್ ಹಬ್ಬ ಮುಗಿದ ಮೇಲೆ ಅವಳು ಮನೆಗೆ ಕರೆದಳು. ಶಹಾಪುರದಲ್ಲಿ ಬಸ್ಸು ಬದಲಿಸಿ ಸುರಪುರಕ್ಕೆ ಹೋದೆ. ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡು, ‘ಫೋಟೊದಾಗಿಂತ ಸಣ್ಣ ಕಾಣ್ತೀರಿ ಅಕ್ಕಾ!’ ಎಂದು ನಕ್ಕಳು. ಒಳಗೆ ಅವಳ ಅತ್ತೆ ಮರದ ಮಂಚದಂಥ ತಖ್ತದ ಮೇಲೆ ಕೂತಿದ್ದರು — ತೆಳ್ಳಗಿನ, ಚೂಪು ಕಣ್ಣಿನ ಮುದುಕಿ. ನಾನು ಆ ಗೋಡೆಗೆ ಬೆನ್ನು ಮಾಡಿ ಕೂತೆ. ಮುದುಕಿ ನನ್ನ ಭುಜದಾಚೆ ಅದನ್ನೇ ನೋಡುತ್ತಿದ್ದರು.

‘ನೋಡ್ರಿ ಬಾಯಾರ, ಇದು ಮನಿ ಅಲ್ಲ, ದವಾಖಾನಿ ಆಗ್ಯಾದ. ಕುಂತ್ರ ಯಾವಾಗ ಸೂಜಿ ಚುಚ್ಚತಾರೋ ಅನಸ್ತದ. ಮೊದಲ ಅಲ್ಲಿ ಹೂ ಇದ್ದವು. ಇಕಿ ಅಬ್ಬಾ ಗೆರಿ ಹೊಡದದ್ದು, ಇಕಿ ಬಣ್ಣ ತುಂಬಿದ್ದು. ಮದಿವಿ ಟ್ರಂಕಿನ ಮ್ಯಾಲ ಹೂ ಬರದು ಬರದು ಅವರ ಕಣ್ಣು ಹೋಗಾಕತ್ತಾವ. ಆದ್ರೂ ಮಗಳ ಮನಿ ಅಂತ ಸ್ಟೂಲ್ ಹತ್ತಿ ಬರದರು. ಯಾವಾಕಿನೋ ಫೋನಿನ್ಯಾಗ ಭಾರ ಅಂದ್ಳಂತ, ಇಕಿ ಅಳಿಸಿಬಿಟ್ಳು!’

‘ಅಮ್ಮೀ, ಚುಪ್ ಇರ್ರಿ,’ ಎಂದಳು ಶಾಹಿದಾ. ಮುಖ ಕೆಂಪಗಾಗಿತ್ತು.

‘ಯಾವಾಕಿನೋ ಅಲ್ರಿ,’ ಎಂದೆ. ‘ನಾನಽ.’

ಮುದುಕಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ‘ನೀವಾ? ನೋಡಾಕ ಛಲೋ ಮನಿ ಹೆಣ್ಮಗಳು ಇದ್ದಂಗ ಕಾಣ್ತೀರಿ!’

‘ಅಕ್ಕಾರು ನನ್ನ ಒಳ್ಳೇದಕ್ಕ ಹೇಳ್ಯಾರ,’ ಎಂದಳು ಶಾಹಿದಾ. ‘ಅವರಿಗಿ ಏನೂ ಅನಬ್ಯಾಡ್ರಿ.’

ಅತ್ತೆ ಇನ್ನೂ ನಾಲ್ಕು ಮಾತು ಬೈದಿದ್ದರೆ ಕೇಳಿಸಿಕೊಂಡು ಎದ್ದು ಬರುತ್ತಿದ್ದೆನೋ ಏನೋ. ಅವಳು ನನ್ನ ಪರ ನಿಂತದ್ದು — ಅದನ್ನು ತಡೆಯಲು ಆಗಲಿಲ್ಲ.

‘ಒಳ್ಳೇದಕ್ಕ ಹೇಳಿದ್ದಲ್ಲ ಶಾಹಿದಾ. ಅದು ಭಾರ ಆಗಿದ್ದಿಲ್ಲ. ಅಷ್ಟು ಚಂದದ ಗ್ವಾಡಿ ನಾ ನೋಡಿದ್ದೇ ಇಲ್ಲ. ನನಗ ಹೊಟ್ಟಿಕಿಚ್ಚಾತು. ಸುಳ್ಳ ಹೇಳಿದೆ.’

ಒಲೆಯ ಮೇಲೆ ಹಾಲು ಕುದಿಯುವ ಸದ್ದು ಕೇಳುತ್ತಿತ್ತು. ಶಾಹಿದಾ ಗೋಡೆ ನೋಡಿದಳು, ನನ್ನನ್ನು ನೋಡಿದಳು. ಸಣ್ಣ ದನಿಯಲ್ಲಿ ಕೇಳಿದಳು:

‘ಹಂಗಾದ್ರ ಪರದಾ?’

‘ಪರದಾ ಖರೇ. ಅದು ಖರೇನಽ ಚಂದ ಅದ.’

‘ಸೋಫಾದ ಹಳದಿ ಚಾದರ?’

‘ಅದೂ ಖರೇ.’

‘ಅಡಿಗಿ ಮನಿ ಹಸರು?’

ಇನ್ನು ಸುಳ್ಳು ಹೇಳುವ ಹಾಗಿರಲಿಲ್ಲ. ‘ಅದು... ನಿನಗ ಬ್ಯಾಸರ ಆಗಬಾರದಂತ ಚಂದ ಅಂದಿದ್ದೆ. ಚಂದ ಇಲ್ಲ.’

‘ನಾ ಹೇಳಿದ್ದಿಲ್ಲೇನು!’ ಎಂದು ಮುದುಕಿ ತೊಡೆ ತಟ್ಟಿ ನಕ್ಕರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನನಗೂ, ಆ ಹೊತ್ತಿನಲ್ಲೂ, ನಗು ಬಂದುಬಿಟ್ಟಿತು. ಶಾಹಿದಾ ನಗಲಿಲ್ಲ. ಬಟ್ಟಲಲ್ಲಿ ಶ್ಯಾವಿಗೆಯ ಶೀರ್ ಖುರ್ಮಾ ತಂದು ಮುಂದಿಟ್ಟಳು. ನಾನು ತಿಂದು ಮುಗಿಸುವ ತನಕ ಎದುರಿಗೆ ಕೂತಳು. ಬಾಗಿಲ ತನಕ ಬಂದು ‘ಹೋಗಿ ಬರ್ರಿ’ ಎಂದಳು. ಅಷ್ಟೇ.

ಆಮೇಲೆ ಅವಳಿಂದ ಒಂದು ಮಾತೂ ಬರಲಿಲ್ಲ. ಭತ್ತ ನಾಟಿ ಆಯಿತು, ಕೊಯ್ಲಾಯಿತು. ಅವಳಿಗೆ ನಾನಾಗಿ ಬರೆಯುವ ಹಕ್ಕು ನನಗಿಲ್ಲ ಎಂದುಕೊಂಡೆ. ಗುಂಪಿನಲ್ಲಿ ನೀವು ‘ಖರೇ ಹೇಳೋ ಅಕ್ಕ ಎಲ್ಲಿ?’ ಎಂದು ಕರೆದಾಗಲೆಲ್ಲ ಬಂದು ಏನಾದರೂ ಬರೆದು ಹೋಗುತ್ತಿದ್ದೆ. ಬರೆಯುವ ಮುಂಚೆ ಈಗ ಒಂದು ಪ್ರಶ್ನೆ ಕೇಳಿಕೊಳ್ಳುತ್ತಿದ್ದೆ — ನಾನು ನೋಡುತ್ತಿರುವುದು ಅವರ ಗೋಡೆಯನ್ನೋ, ನನ್ನದನ್ನೋ?

ಕಾಲುವೆ ನೀರು ನಿಲ್ಲಿಸಿದ ಬೇಸಿಗೆಯಲ್ಲಿ ಅವಳ ಫೋಟೊ ಬಂತು. ಅದೇ ಗೋಡೆ, ಮತ್ತೆ ನೀಲಿ. ಈ ಸಲ ದಾಳಿಂಬೆಯಿಲ್ಲ, ಹತ್ತಿ ಗಿಡಗಳು — ಹಳದಿ ಹೂ, ಒಡೆದ ಬಿಳಿ ಕಾಯಿ, ಗೂಡಿನ ಒಳಗೂ ನುಗ್ಗಿದ ಎಲೆಗಳು. ಗೆರೆಯೂ ಈಗ ಅವಳದೇ, ಅಲ್ಲಲ್ಲಿ ನಡುಗಿತ್ತು, ಆದರೂ ಎಷ್ಟು ಜೀವ! ‘ಹ್ಯಾಂಗ ಆಗ್ಯಾದ’ ಎಂದು ಯಾರನ್ನೂ ಕೇಳಿರಲಿಲ್ಲ. ಕೆಳಗೆ ನಾನು ಬರೆದದ್ದು ನಿಮಗೆ ನೆನಪಿರಬಹುದು: ‘ಎಡಗಡೆ ಮೂಲ್ಯಾಗಿನ ಗಿಡ ಅವಸರದಾಗ ಬರದಂಗ ಕಾಣ್ತದ. ಉಳಿದದ್ದು ನೋಡಿ ನನಗ ಹೊಟ್ಟಿಕಿಚ್ಚಾತು.’ ನೀವೆಲ್ಲ ಅದನ್ನು ಚೇಷ್ಟೆ ಎಂದುಕೊಂಡು ನಕ್ಕಿರಿ. ಶಾಹಿದಾ ಒಂದೇ ಸಾಲು ಬರೆದಳು: ‘ಹೊಟ್ಟಿಕಿಚ್ಚ ಆಗ್ಲಿ ಬಿಡ್ರಿ ಅಕ್ಕಾ, ಛಲೋನಽ ಆತು.’

ಆ ಸಾಲು ಓದಿ ನಾನು ಅಡುಗೆಮನೆಯಲ್ಲಿ ಒಬ್ಬಳೇ ಕುಣಿದದ್ದನ್ನು ಯಜಮಾನರು ನೋಡಿದರು. ‘ಏನಾತು ನಿನಗ?’ ಎಂದರು. ಅವತ್ತು ಅವರಿಗೂ ಎಲ್ಲ ಹೇಳಿದೆ.

ಯಜಮಾನರು ರಿಟೈರಾದ ಮೇಲೆ ನಾವು ಶಹಾಪುರದ ಅಂಚಿನಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡೆವು. ಗೋಡೆಗೆ ಯಾವ ಬಣ್ಣ ಎಂದು ಗುಂಪಿನಲ್ಲಿ ಕೇಳಿದೆ. ನೀವು ನೂರೆಂಟು ಹೇಳಿದಿರಿ. ಶಾಹಿದಾ ಏನೂ ಹೇಳದೆ ಬಣ್ಣದ ಡಬ್ಬಿ, ಕುಂಚ, ತನ್ನ ಅಬ್ಬಾನನ್ನು ಆಟೋದಲ್ಲಿ ಕೂಡಿಸಿಕೊಂಡು ಬಂದಳು. ಮೂರು ದಿನ ನಮ್ಮ ಮನೆಯಲ್ಲಿ ಹಬ್ಬ. ಅವಳು ಬರೆದಳು, ನಾನು ಬಣ್ಣ ಕಲಸಿದೆ, ಯಜಮಾನರು ಮಿರ್ಚಿ ಭಜಿ ಕರಿದರು. ಅವಳ ಅಬ್ಬಾ ಕುರ್ಚಿಯಲ್ಲಿ ಕೂತು, ಬಣ್ಣದ ವಾಸನೆ ಹಿಡಿದು, ‘ಬಣ್ಣಕ್ಕ ಎಣ್ಣಿ ಜಾಸ್ತಿ ಹಾಕ್ಬ್ಯಾಡ್ರಿ’ ಎನ್ನುತ್ತಿದ್ದರು.

ನಾನು ಅವರ ಹತ್ತಿರ ಹೋಗಿ ಕೂತೆ. ನನ್ನ ತಪ್ಪನ್ನು ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು.

‘ನಾ ಬರದ ಹೂ ಎಷ್ಟೋ ಹೋದ್ವು ಅಕ್ಕಾರ. ಟ್ರಂಕಿಗಿ ತುಕ್ಕ ಹತ್ತಿ ಹೋದ್ವು, ಗುಜರಿಗಿ ಹೋದ್ವು,’ ಎಂದರು. ‘ಆದ್ರ ಆ ಗ್ವಾಡಿದು ಇರಬೇಕಿತ್ತು ನೋಡ್ರಿ. ಅದು ಛಲೋ ಬಂದಿತ್ತು.’

ಈಗ ಅವರ ಕಣ್ಣು ಪೂರ್ತಿ ಮಂಜು. ಆ ದಾಳಿಂಬೆಯನ್ನು ಇನ್ನು ಯಾರೂ ಬರೆಯುವುದಿಲ್ಲ.

ಇದನ್ನು ಗುಂಪಿನಲ್ಲಿ ಬರೆಯಲೇ ಎಂದು ಶಾಹಿದಾಳನ್ನು ಕೇಳಿದೆ. ‘ಬರೀರಿ. ಅತ್ತಿ ಬೈದದ್ದನ್ನೂ ಬರೀರಿ, ಇಲ್ಲಂದ್ರ ಅವರು ಬಿಡಂಗಿಲ್ಲ’ ಎಂದಳು. ಬರೆದಿದ್ದೇನೆ.

ಆದರೆ ಒಂದು ಮಾತು ಉಳಿದಿದೆ. ಶಾಹಿದಾಳ ಗೋಡೆ ನನಗೆ ನೆನಪಿದೆ, ಯಾಕೆಂದರೆ ಅದು ಅಷ್ಟು ಚಂದವಿತ್ತು. ಅದೊಂದೇ ಎಂದು ಹೇಳುವ ಧೈರ್ಯ ನನಗಿಲ್ಲ. ಎಷ್ಟೋ ಮಧ್ಯಾಹ್ನ, ಎಷ್ಟೋ ಮನೆ — ಯಾವುದಕ್ಕೆ ಕಣ್ಣಿನಿಂದ ಹೇಳಿದೆ, ಯಾವುದಕ್ಕೆ ಹೊಟ್ಟೆಯಿಂದ ಹೇಳಿದೆ, ಈಗ ನನಗೇ ಬೇರೆ ಮಾಡಲು ಬರುತ್ತಿಲ್ಲ. ನಿಮ್ಮಲ್ಲಿ ಯಾರಾದರೂ, ಮನಸ್ಸಿಗೆ ಬಂದದ್ದನ್ನು ನನ್ನ ಮಾತು ಕೇಳಿ ಅಳಿಸಿದ್ದರೆ, ತೆಗೆದಿಟ್ಟಿದ್ದರೆ, ಯಾರಿಗಾದರೂ ಕೊಟ್ಟುಬಿಟ್ಟಿದ್ದರೆ — ಹಳೆಯ ಫೋಟೊ ಇದ್ದರೆ ಮತ್ತೆ ಕಳಿಸಿ. ಇಲ್ಲದಿದ್ದರೆ ಹೇಗಿತ್ತೆಂದು ಬರೆಯಿರಿ. ಕೂತು, ಮೊದಲಿನಿಂದ ನೋಡುತ್ತೇನೆ.