ನಂಜುಂಡಯ್ಯನವರ ತಡಸಲು ಬಿಲ್ಲು

ನಂಜುಂಡಯ್ಯನವರು ಸೊಳ್ಳೆ ಹೊಡೆಯುತ್ತಿರಲಿಲ್ಲ. ತೋಳಿನ ಮೇಲೆ ಕೂತ ಸೊಳ್ಳೆಯನ್ನು ಉಫ್ ಎಂದು ಊದಿ ಕಿಟಕಿಯ ಕಡೆ ಕೈ ತೋರಿಸುತ್ತಿದ್ದರು, ತಪ್ಪಿ ಬಂದ ಗಿರಾಕಿಗೆ ಸರಿಯಾದ ಕೌಂಟರ್ ತೋರಿಸುವ ಹಾಗೆ. ಶನಿವಾರ ಈರುಳ್ಳಿಯನ್ನೂ ಮುಟ್ಟದ ಈ ಮನುಷ್ಯ ಮುಲುಂಡ್ ಈಸ್ಟಿನ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ಕೂತು, ಹನ್ನೊಂದು ವರ್ಷ ಹಿಡಿದು, ಕಾಡುಹಂದಿ ಹೊಡೆಯುವ ಬಿಲ್ಲೊಂದನ್ನು ಮಾಡಿದರು.

ಅವರು ಮೂರನೇ ಮಹಡಿ, ನಾವು ಎರಡನೇದು. ಫೋರ್ಟಿನ ಒಂದು ಇನ್ಶೂರೆನ್ಸ್ ಆಫೀಸಿನ ಕ್ಲೇಮ್ಸ್ ಸೆಕ್ಷನ್ನಿನಲ್ಲಿ ಹೆಡ್ ಕ್ಲರ್ಕ್. ನಾನು ಹತ್ತಿರದ ಕಾನ್ವೆಂಟ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದುದರಿಂದ ಇಡೀ ಬಿಲ್ಡಿಂಗಿಗೆ 'ಮಿಸ್' ಆಗಿದ್ದೆ. ನನಗಿಂತ ಹದಿನೆಂಟು ವರ್ಷ ಹಿರಿಯರಾದ ಅವರೂ ಹಾಗೆಯೇ ಕರೆಯುತ್ತಿದ್ದರು. ಬಿಲ್ಡಿಂಗಿನಲ್ಲಿ ವತ್ಸಲಾ ಎಂದು ನನ್ನ ಹೆಸರು ಹಿಡಿದು ಕರೆಯುತ್ತಿದ್ದವರು ಅವರ ಹೆಂಡತಿ ಮಾತ್ರ.

ಮೊದಲ ಸಲ ಟೆರೇಸಿನಲ್ಲಿ ಕಂಡಾಗ, "ಶೋಪೀಸಾ ಸರ್?" ಅಂತ ಕೇಳಿದ್ದೆ.

"ಅಲ್ಲ ಮಿಸ್. ಬೇಟೆ ಬಿಲ್ಲು."

"ಏನು ಬೇಟೆ ಆಡ್ತೀರಿ?"

"ಏನೂ ಇಲ್ಲ."

"ಮತ್ತೆ?"

"ಬೇಟೆಗೆ ಆಗೋ ಹಾಗಿರಬೇಕು. ಆಡಲೇಬೇಕು ಅಂತೇನಿಲ್ಲವಲ್ಲ."

ಫ್ರ್ಯಾಂಕ್ಲಿ, ಮನುಷ್ಯನಿಗೆ ಒಂದು ಸ್ಕ್ರೂ ಲೂಸ್ ಅಂದುಕೊಂಡೆ. ಆಮೇಲೆ ಕಥೆ ತಿಳಿಯಿತು. ಅವರ ಮೊದಲ ನೌಕರಿ ಹೆಗ್ಗಡದೇವನಕೋಟೆ ಕಡೆಯ ಫಾರೆಸ್ಟ್ ಆಫೀಸೊಂದರಲ್ಲಿ ಗುಮಾಸ್ತಗಿರಿ. ಅಲ್ಲಿ ಬೊಮ್ಮ ಎಂಬ ಕಾಡಿನ ಮುದುಕ ಬಿಲ್ಲು ಮಾಡುವುದನ್ನು ಇವರು ದಿನಾ ಊಟದ ಬಿಡುವಿನಲ್ಲಿ ಕೂತು ನೋಡುತ್ತಿದ್ದರಂತೆ. ಒಂದು ದಿನ, ನನಗೂ ಕಲಿಸು ಅಂದರು. ಮುದುಕ ಇವರ ಕೈ ತಿರುಗಿಸಿ ನೋಡಿ, "ಇದು ತಮ್ಮ ಕೈಲಾಗೋ ಕೆಲ್ಸ ಅಲ್ಲ ಬುದ್ಧಿ. ತಮಗೆ ಎಲ್ಲಾ ಬಿರ್ನೆ ಬೇಕು" ಅಂದನಂತೆ. ಆ ಮಾತು ಅವರನ್ನು ಮುಂಬಯಿಯವರೆಗೆ ಹಿಂಬಾಲಿಸಿ ಬಂದಿತ್ತು. ಮೇಲಧಿಕಾರಿಗಳ ಯಾವ ಮೆಮೋಗೂ ತಲೆ ಕೆಡಿಸಿಕೊಳ್ಳದವರು ಆ ಒಂದು ರಿಮಾರ್ಕಿಗೆ ಜೀವನಪೂರ್ತಿ ಉತ್ತರ ಬರೆಯುತ್ತಿದ್ದರು.

ಎಂಬತ್ತರಲ್ಲಿ ಊರಿಗೆ ಹೋದಾಗ ಸ್ನೇಹಿತರೊಬ್ಬರ ಜಮೀನಿನಲ್ಲಿ ಗಾಳಿಗೆ ಉರುಳಿದ್ದ ತಡಸಲು ಮರದಿಂದ ಆಳುದ್ದದ ಒಂದು ಸೀಳು ತಂದರು. ತಡಸಲು ಬಾಗುತ್ತದೆ, ಮುರಿಯುವುದಿಲ್ಲ, ಆದ್ದರಿಂದ ಬಿಲ್ಲಿಗೆ ಅದೇ ಆಗಬೇಕು. ಹಳೇ ಪಂಚೆ ಸುತ್ತಿ ರೈಲಿನ ಬರ್ತ್ ಕೆಳಗೆ ಅಡ್ಡಡ್ಡ ಮಲಗಿಸಿದ್ದರು. ಟಿ.ಸಿ. ಎಡವಿದ.

"ಯೇ ಕ್ಯಾ ಹೈ?"

"ಧನುಷ್."

ಟಿ.ಸಿ. ಪಂಚೆ ಸರಿಸಿ ನೋಡಿದ. "ಯೇ ತೋ ಲಕ್ಡಾ ಹೈ."

"ಅಭೀ ಲಕ್ಡಾ ಹೈ. ಬಾದ್ ಮೇ ಧನುಷ್."

"ಬಾದ್ ಮೇ ಕಬ್?"

"ದಸ್ ಸಾಲ್."

ಟಿ.ಸಿ. ಲಲಿತಮ್ಮನವರನ್ನು ಮರುಕದಿಂದ ನೋಡಿ ಮುಂದಿನ ಬೋಗಿಗೆ ಹೋದನಂತೆ. ಲಲಿತಮ್ಮ ಅವರ ಹೆಂಡತಿ. ಈ ಕಥೆಯನ್ನು ನನಗೆ ಹೇಳಿದವರೂ ಅವರೇ. "ಸುಳ್ಳು ಹೇಳೋಕೆ ಬರಲ್ಲ ಇವರಿಗೆ. 'ಮಂಚದ ಕಾಲು' ಅಂದಿದ್ರೆ ಮುಗೀತಿತ್ತು" ಎಂದು ಹಣೆ ಚಚ್ಚಿಕೊಂಡರು.

ಆ ಸೀಳಿನ ಎರಡೂ ತುದಿಗೆ ಮೇಣ ಬಳಿದು, ಅಡುಗೆಮನೆಯ ಅಟ್ಟದ ಮೇಲೆ ನಾಲ್ಕು ವರ್ಷ ಒಣಗಲು ಬಿಟ್ಟರು. ಅದರ ಕೆಳಗೇ ಲಲಿತಮ್ಮನ ಒಲೆ. "ನಮ್ಮನೇಲಿ ಸಾರಿನ ಹಬೆ ಕುಡಿದು ಬೆಳೆದ ಬಿಲ್ಲು. ಹಂದಿಗೆ ಹೊಡೆದ್ರೆ ಹಂದಿಗೇ ಮಡಿ ಬರುತ್ತೆ" ಅನ್ನುತ್ತಿದ್ದರು. ಆಮೇಲೆ ಕೆತ್ತನೆ, ಅದೂ ಭಾನುವಾರ ಮಾತ್ರ. ಮಳೆಗಾಲದ ನಾಲ್ಕು ತಿಂಗಳು ಮುಂಬಯಿಯ ಗಾಳಿಯೇ ಒದ್ದೆ ಬಟ್ಟೆ, ಆಗ ಮರ ಮುಟ್ಟುವಂತಿಲ್ಲ. ಹಾಗೆ ಕಳೆಯುತ್ತ ಬಂದರೆ ವರ್ಷಕ್ಕೆ ಉಳಿಯುವುದು ಮೂವತ್ತೈದು ಭಾನುವಾರ. ಅದರಲ್ಲೂ ಅರ್ಧ ಮದುವೆ, ಮುಂಜಿ, ಸೊಸೈಟಿ ಮೀಟಿಂಗ್.

ಬಾಚಿ, ಉಳಿ, ಕೊನೆಯಲ್ಲಿ ಒಡೆದ ಕಿಟಕಿ ಗಾಜಿನ ಚೂರು, ಇಷ್ಟೇ ಅವರ ಹತಾರ. ಗಾಜಿನಿಂದ ಕೆರೆದಾಗ ಮರ ಅಕ್ಕಿಹಿಟ್ಟಿನಷ್ಟು ಸಣ್ಣಗೆ ಉದುರುತ್ತಿತ್ತು. "ಬಿಲ್ಲಿಗೆ ಬೆನ್ನು, ಹೊಟ್ಟೆ ಅಂತ ಎರಡಿದೆ ಮಿಸ್. ಬಾಣ ಹೋಗೋ ಕಡೆ ಮುಖ ಮಾಡಿರೋದು ಬೆನ್ನು. ಅದನ್ನ ಮುಟ್ಟೋ ಹಾಗಿಲ್ಲ. ಅಲ್ಲಿ ಒಂದೇ ಒಂದು ಎಳೆ ಕಡಿದ್ರೂ ಅಲ್ಲೇ ಸಿಗಿಯುತ್ತೆ. ಏನು ತೆಗೀಬೇಕಿದ್ರೂ ಹೊಟ್ಟೆಯಿಂದಲೇ ತೆಗೀಬೇಕು" ಎಂದು ಒಮ್ಮೆ ಹೇಳಿ, ಸ್ವಲ್ಪ ಯೋಚಿಸಿ, "ನಮ್ಮಂಥ ಗುಮಾಸ್ತರ ಸಂಸಾರದ ಹಾಗೆ" ಎಂದು ಸೇರಿಸಿದರು.

ಸೊಸೈಟಿಯ ಸೆಕ್ರೆಟರಿ ಪಾಟೀಲರಿಗೆ ದಕ್ಷಿಣದವರೆಲ್ಲ ಅಯ್ಯರ್. ನೀರಿನ ಟ್ಯಾಂಕ್ ನೋಡಲು ಟೆರೇಸಿಗೆ ಬಂದಾಗಲೆಲ್ಲ, "ಕಾಯ್ ಅಯ್ಯರ್‌ಸಾಹೇಬ್, ವಾಘ್ ಕಧೀ ಮಾರ್ಣಾರ್?" ಎಂದು ಹುಲಿ ಹೊಡೆಯುವ ದಿನ ವಿಚಾರಿಸುತ್ತಿದ್ದರು. ಇವರು ತಲೆಯೆತ್ತದೆ, "ವಾಘ್ ಕಾ ಅಪ್ಲಿಕೇಶನ್ ಆನೇ ದೋ" ಅನ್ನುತ್ತಿದ್ದರು.

ಬಿಲ್ಲಿನ ಎರಡು ತೋಳೂ ಸಮವಾಗಿ ಬಾಗುತ್ತವೆಯೇ ಎಂದು ತಿಳಿಯಲು ಒಬ್ಬರು ಎಳೆಯಬೇಕು, ಇನ್ನೊಬ್ಬರು ದೂರ ನಿಂತು ನೋಡಬೇಕು. ಬೊಮ್ಮನಿಗೆ ಅವನ ಹೆಂಡತಿ ಎಳೆದು ತೋರಿಸುತ್ತಿದ್ದಳಂತೆ. ಆದ್ದರಿಂದ ಆ ಪೋಸ್ಟು ಇಲ್ಲಿ ಲಲಿತಮ್ಮನದು. ಬಿಲ್ಲನ್ನು ಟ್ಯಾಂಕಿನ ಪೈಪಿಗೆ ಅಡ್ಡ ಕಟ್ಟಿ, ಹೆದೆಗೆ ಹಗ್ಗ ಬಿಗಿದು ಅವರ ಕೈಗೆ ಕೊಡುತ್ತಿದ್ದರು.

"ಎಳಿಯೇ, ಇನ್ನೊಂದು ಅಂಗುಲ."

"ಹುಳಿ ಸೀಯುತ್ತೆ ರೀ."

"ಸೀಯಲಿ. ಹಾಗೇ ಹಿಡ್ಕೊ."

"ನೋಡಿ ವತ್ಸಲಾ, ನನ್ನ ಸವತಿಗೆ ನಾನೇ ಜಡೆ ಹಾಕ್ಬೇಕು!"

ಇಷ್ಟು ಬೈದರೂ ಅವರು ಹಗ್ಗ ಬಿಟ್ಟದ್ದನ್ನು ನಾನು ನೋಡಿಲ್ಲ. ಹೆದೆಯನ್ನು ಹೊಸೆದವರೂ ಅವರೇ. ಅದೇ ಮರದ ತೊಗಟೆಯ ನಾರನ್ನು ತೊಡೆಯ ಮೇಲೆ ಇಟ್ಟು, ದೀಪದ ಬತ್ತಿ ಹೊಸೆಯುವ ಹಾಗೆ.

ತೊಂಬತ್ತೊಂದರ ಜನವರಿಯಲ್ಲಿ ಬಿಲ್ಲು ಮುಗಿಯಿತು. ಜೇನಿನ ಬಣ್ಣ, ಎಣ್ಣೆಯ ಮಿಂಚು. ನಾನು ಕೈಗೆ ತೆಗೆದುಕೊಂಡೆ. ಅಷ್ಟು ಉದ್ದಕ್ಕೆ ಅಷ್ಟು ಹಗುರ ಎಂದು ನಂಬುವುದೇ ಕಷ್ಟ. ಅದರಿಂದ ಇನ್ನೂ ಒಂದು ಬಾಣವೂ ಹೋಗಿರಲಿಲ್ಲ. ಫೆಬ್ರವರಿಯ ಎರಡನೇ ಭಾನುವಾರ ಹೈವೇ ಆಚೆಯ ಉಪ್ಪಿನಗದ್ದೆಗಳ ಬಯಲಿಗೆ ಹೋಗಿ ಒಂದೇ ಒಂದು ಬಾಣ ಬಿಡುವುದೆಂದು ನಿಶ್ಚಯವಾಗಿತ್ತು. ಯಾವುದಕ್ಕೂ ಗುರಿಯಿಟ್ಟಲ್ಲ, ಸುಮ್ಮನೆ ಆಕಾಶಕ್ಕೆ. "ಆಮೇಲೆ ಬೊಮ್ಮನಿಗೂ ನನಗೂ ಲೆಕ್ಕ ಚುಕ್ತಾ" ಅಂದಿದ್ದರು. ಬೊಮ್ಮ ಎಂದೋ ಸತ್ತುಹೋಗಿದ್ದ, ಅದು ಅವರಿಗೆ ಮುಖ್ಯವಾಗಿರಲಿಲ್ಲ. ಮೇ ತಿಂಗಳಲ್ಲಿ ರಿಟೈರ್‌ಮೆಂಟ್. ಬೀಳ್ಕೊಡುಗೆಯ ಗಡಿಯಾರಕ್ಕಿಂತ ಆ ಭಾನುವಾರವನ್ನೇ ಅವರು ಎದುರು ನೋಡುತ್ತಿದ್ದರು.

ಅದರ ಹಿಂದಿನ ದಿನ, ಶನಿವಾರ, ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವ.

ನಾಟಕ ಸ್ವಯಂವರದ್ದು. ರಾಜಕುಮಾರಿಗಾಗಿ ದೇವರು ಬಿಲ್ಲು ಮುರಿಯುವ ಆ ಕಥೆ ಯಾವುದೆಂದು ನಾನು ಹೇಳಬೇಕಾಗಿಲ್ಲ. ಡೈರೆಕ್ಷನ್ ನನ್ನದು. ಕಾನ್ವೆಂಟಿನ ನನ್‌ಗಳ ಕೈಯಲ್ಲಿ ಬೆಳೆದವಳಿಗೆ ಪುರಾಣ ಒಪ್ಪಿಸುವುದು ಮುಂಬಯಿಯಲ್ಲಿ ಮಾತ್ರ ಸಾಧ್ಯ. ದೇವರ ಪಾತ್ರಕ್ಕೆ ಬ್ಯಾಂಕಿನ ಕ್ಯಾಷಿಯರ್ ಶ್ರೀಧರಮೂರ್ತಿ. ಇಲ್ಲೇ ಹುಟ್ಟಿ ಬೆಳೆದವರು, ಕನ್ನಡದ ಡೈಲಾಗುಗಳನ್ನು ಹಿಂದಿ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ್ದರು. ಒಳ್ಳೆಯ ಮನುಷ್ಯ, ಹೊಟ್ಟೆ ಸ್ವಲ್ಪ ಮುಂದೆ.

ಸಂಜೆ ಆರಕ್ಕೆ ನಾಟಕ. ನಾಲ್ಕಕ್ಕೆ ಗ್ರಾಂಟ್ ರೋಡಿನ ಡ್ರೆಸ್‌ವಾಲಾನ ಟ್ರಂಕ್ ಬಂತು. ಕಿರೀಟ ಇತ್ತು, ಗದೆ ಇತ್ತು, ನಡುವೆ ಕೀಲಿದ್ದು ಸಮಯಕ್ಕೆ ಸರಿಯಾಗಿ ಎರಡಾಗುವ ಪ್ಲೈವುಡ್ ಬಿಲ್ಲು ಮಾತ್ರ ಇರಲಿಲ್ಲ. ಇನ್ನೊಂದು ಪಾರ್ಟಿಯವರ ಜೊತೆ ಕಲ್ಯಾಣಕ್ಕೆ ಹೋಗಿತ್ತು. ನಾನು ಆಟೋ ಹಿಡಿದು ಮನೆಗೆ ಓಡಿ ಮೂರನೇ ಮಹಡಿ ಹತ್ತಿದೆ.

"ಮಿಸ್, ಅದು ಬೇಟೆ ಬಿಲ್ಲು. ನಾಟಕದ್ದಲ್ಲ."

"ಬರೀ ಎತ್ತಿ ತೋರಿಸೋದು ಸರ್. ಆಮೇಲೆ ಲೈಟ್ ಆಫ್. ಒಳಗಿಂದ ಒಂದು ಪಟಾಕಿ. ಎರಡು ಬಿದಿರಿನ ತುಂಡು ಸ್ಟೇಜ್ ಮೇಲೆ ಎಸೀತೀವಿ. ದಟ್ಸ್ ಆಲ್. ನನ್ನ ಜವಾಬ್ದಾರಿ. ಐ ಗಿವ್ ಯೂ ಮೈ ವರ್ಡ್."

ಲಲಿತಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ಕೊಡಿ ರೀ. ಹನ್ನೊಂದು ವರ್ಷಕ್ಕೆ ಒಬ್ಬರಾದರೂ ಕೇಳಿದ್ರಲ್ಲ."

ಅವರು ಎದ್ದರು. ಹೆದೆ ಏರಿಸುತ್ತ, "ಒಂದೇ ಒಂದು ಮಾತು. ಹೆದೆ ಎಳೆದು ಖಾಲಿ ಬಿಡಬಾರದು. ಬಾಣ ಇದ್ರೆ ಆ ಶಕ್ತಿ ಎಲ್ಲ ಬಾಣ ತಗೊಂಡು ಹೋಗುತ್ತೆ. ಇಲ್ಲದಿದ್ರೆ ಮರಕ್ಕೇ ವಾಪಸ್ ಹೊಡೆಯುತ್ತೆ. ಅಷ್ಟು ಹೇಳಿಬಿಡಿ ಅವರಿಗೆ" ಅಂದರು.

ನಾನು ಶ್ರೀಧರಮೂರ್ತಿಗೆ ಮೂರು ಸಲ ಹೇಳಿದೆ. ನೀಲಿ ಬಣ್ಣ ಬಳಿಸಿಕೊಳ್ಳುತ್ತ, "ಓಕೆ ಓಕೆ ವತ್ಸಲಾಜೀ, ಎಳೆಯೋದಿಲ್ಲ, ಬರೀ ಎತ್ತೋದು, ಟೆನ್ಶನ್ ಮತ್ ಲೋ" ಅಂದರು. ಅವರು ಸುಳ್ಳು ಹೇಳಲಿಲ್ಲ. ಆ ಕ್ಷಣಕ್ಕೆ ಅವರು ಬ್ಯಾಂಕಿನ ಕ್ಯಾಷಿಯರ್.

ಸ್ಟೇಜಿನ ಮೇಲೆ ದೇವರಾಗಿಬಿಟ್ಟರು. ಬಿಲ್ಲೆತ್ತಿದ್ದೇ ತಡ, ಹಿಂದಿನ ಸಾಲುಗಳಿಂದ ಶಿಳ್ಳೆ. ಆ ಮನುಷ್ಯನಿಗೆ ಬದುಕಿನಲ್ಲಿ ಯಾರೂ ಶಿಳ್ಳೆ ಹೊಡೆದಿರಲಿಲ್ಲ. ಎದೆಯುಬ್ಬಿಸಿ, ಹೆದೆಯನ್ನು ಕಿವಿಯವರೆಗೆ ಎಳೆದು, ದೇವರುಗಳು ಮಾಡುವ ಹಾಗೆ ಠೇಂಕಾರಕ್ಕೆಂದು ಬಿಟ್ಟೇಬಿಟ್ಟರು.

ಅಂಥ ಸದ್ದನ್ನು ನಾನು ಮತ್ತೆ ಕೇಳಿಲ್ಲ. ಹಿಡಿಯಿಂದ ಒಂದು ಮೊಳ ಮೇಲೆ ಬಿಲ್ಲು ಸಿಗಿದು ಎರಡಾಯಿತು. ಇಡೀ ಹಾಲ್ ಎದ್ದು ನಿಂತಿತು. ಚಪ್ಪಾಳೆ, ಜಯಕಾರ, "ಒನ್ಸ್ ಮೋರ್!" ಲೈಟ್ ಆಫ್ ಮಾಡಬೇಕಿದ್ದವರು ಮೈಮರೆತು ಚಪ್ಪಾಳೆ ತಟ್ಟುತ್ತಿದ್ದರು. ನಾವು ತಯಾರಿಟ್ಟ ಪಟಾಕಿ ಅರ್ಧ ನಿಮಿಷ ತಡವಾಗಿ, ವರಮಾಲೆ ಹಾಕುವಾಗ ಸಿಡಿಯಿತು. ರಾಜಕುಮಾರಿ "ಅಯ್ಯಮ್ಮಾ" ಎಂದು ದೇವರನ್ನು ತಬ್ಬಿಕೊಂಡಳು. ಅದಕ್ಕೂ ಚಪ್ಪಾಳೆ.

ಸಂಘದ ಅಧ್ಯಕ್ಷರು ಮೈಕ್ ಹಿಡಿದು, ಇಂಥ ಅದ್ಭುತ ಟ್ರಿಕ್ ಬಿಲ್ಲು ತಯಾರಿಸಿದ ಶ್ರೀ ನಂಜುಂಡಯ್ಯನವರು ವೇದಿಕೆಗೆ ಬರಬೇಕೆಂದರು. ನಾನು ಸೈಡ್ ವಿಂಗಿನಲ್ಲಿ ಕಂಬ ಹಿಡಿದು ನಿಂತಿದ್ದೆ. ಅವರು ನಿಧಾನವಾಗಿ ಮೆಟ್ಟಿಲು ಹತ್ತಿ ಬಂದರು. ಶಾಲು ಹೊದೆಸಿದರು, ತೆಂಗಿನಕಾಯಿ ಕೊಟ್ಟರು.

"ಹೇಗೆ ಮಾಡಿದಿರಿ ಸಾರ್, ಸೀಕ್ರೆಟ್ ಹೇಳಿ!" ಎಂದು ಅಧ್ಯಕ್ಷರು ಮೈಕನ್ನು ಅವರ ಬಾಯಿಯ ಹತ್ತಿರ ಹಿಡಿದರು.

ಟಿ.ಸಿ.ಗೂ ಸುಳ್ಳು ಹೇಳದಿದ್ದ ಮನುಷ್ಯ. ಅವರು ದೇವರ ಕಡೆ ನೋಡಿದರು. ನೀಲಿ ಬಣ್ಣ ಬೆವರಿಗೆ ಇಳಿಯುತ್ತಿತ್ತು, ಮುಖದ ತುಂಬ ನಗು.

"ಅಭ್ಯಾಸ" ಎಂದು ಕೈ ಮುಗಿದು ಕೆಳಗಿಳಿದರು.

ಎರಡನೇ ಸಾಲಿನಲ್ಲಿ ಲಲಿತಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕುತ್ತಿದ್ದರು. ಪಕ್ಕದಲ್ಲಿದ್ದ ಹಿರಿಯ ಹೆಂಗಸು ಅವರ ಬೆನ್ನು ಸವರುತ್ತ, "ಎಂಥಾ ಭಕ್ತಿ ನೋಡಿ ಇವರದ್ದು" ಅನ್ನುತ್ತಿದ್ದರು.

ಆಟೋದಲ್ಲಿ ಮೂವರೂ ಒಟ್ಟಿಗೆ ಬಂದೆವು. ತುಂಡುಗಳು ಅವರ ತೊಡೆಯ ಮೇಲೆ. "ನಾನು ಪ್ರಾಮಿಸ್ ಮಾಡಿದ್ದೆ ಸರ್" ಅಂದೆ.

"ಮಾತು ನಿಮ್ಮದು ಮಿಸ್. ಕೈ ಅವರದ್ದು" ಅಂದರು. ಆಮೇಲೆ ಸಿಗಿದ ಜಾಗದ ಮೇಲೆ ಬೆರಳಾಡಿಸುತ್ತ, "ಇಲ್ಲಿ ನೋಡಿ, ಎಷ್ಟು ಉದ್ದಕ್ಕೆ ಸೀಳಿದೆ. ಕೆಟ್ಟ ಮರ ಆಗಿದ್ರೆ ಸೌತೆಕಾಯಿ ಹಾಗೆ ಪಟ್ ಅಂತ ತುಂಡಾಗೋದು" ಅಂದರು. ಆ ಸ್ವರದಲ್ಲಿ ಹೆಮ್ಮೆ ಇತ್ತು, ಸತ್ಯವಾಗಿ.

"ನಾಳೆ ಮೂರ್ತಿಯವರಿಗೆ ಹೇಳ್ತೀನಿ, ಅವರೇನು ಮಾಡಿದ್ರು ಅಂತ."

"ಬೇಡ. ದಿನಾ ನೋಟು ಎಣಿಸೋ ಮನುಷ್ಯ. ಜೀವನದಲ್ಲಿ ಒಂದು ಸಲ ಬಿಲ್ಲು ಮುರಿದಿದ್ದಾನೆ. ಇರಲಿ ಬಿಡಿ."

ಮರುದಿನ ಭಾನುವಾರ ಯಾರೂ ಉಪ್ಪಿನಗದ್ದೆಗೆ ಹೋಗಲಿಲ್ಲ. ವಾರದೊಳಗೆ ಸಂಘದಿಂದ ಪತ್ರ ಬಂತು. ಮುಂದಿನ ವರ್ಷಕ್ಕೂ 'ಸೇಮ್ ಟು ಸೇಮ್' ಬಿಲ್ಲು ಬೇಕಂತೆ. ಅವರು ಆಫೀಸಿನ ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ವಿಷಾದ ಬರೆದು ನನ್ನ ಹತ್ತಿರ ಸ್ಪೆಲ್ಲಿಂಗ್ ತಿದ್ದಿಸಿಕೊಂಡರು. ನಿಜವಾಗಿ ಇನ್ನೊಂದು ಶುರು ಮಾಡಬಾರದೇ ಎಂದು ನಾನೂ ಕೇಳಿದೆ. "ಮರ ಒಣಗೋಕೆ ನಾಲ್ಕು ವರ್ಷ ಮಿಸ್. ನಾನಾಗಲೇ ಒಣಗಿಬಿಟ್ಟಿದ್ದೀನಿ, ಅದನ್ನ ಕಾಯೋರು ಯಾರು?" ಎಂದು ನಕ್ಕರು. ನನ್ನ ಮೇಲೆ ಒಂದು ದಿನವೂ ಸಿಟ್ಟಾಗಲಿಲ್ಲ. ಆಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು ಎಂಬುದು ಅವರಿಗೆ ಹೊಳೆಯಲೇ ಇಲ್ಲವೋ ಏನೋ.

ರಿಟೈರಾದ ಮೇಲೆ ಮಗಳ ಮನೆಯ ಹತ್ತಿರ ಮಲಾಡಿಗೆ ಹೋದರು. ತೊಂಬತ್ತಮೂರರ ಕೊನೆಯಲ್ಲಿ, ಪೇಪರ್ ಓದುತ್ತ ಕೂತಲ್ಲೇ, ಹಾರ್ಟ್ ಅಟ್ಯಾಕ್. ಸುದ್ದಿ ನನಗೆ ತಡವಾಗಿ ಸಿಕ್ಕಿತು. ದಾದರಿನಲ್ಲಿ ಗಾಡಿ ಬದಲಿಸಿ ಹೋದಾಗ ತಿಂಗಳ ಮೇಲಾಗಿತ್ತು. ಲಲಿತಮ್ಮ ಬಾಗಿಲು ತೆಗೆದರು. ಕೈಯಲ್ಲಿ ಬಿಲ್ಲಿನ ಉದ್ದದ ತುಂಡು. ಹಿಂದಿನ ಗ್ಯಾಲರಿಯಲ್ಲಿ, ಸೂರಿಗೆ ಕಟ್ಟಿದ ಹಗ್ಗದ ಮೇಲೆ ಅದರಿಂದ ಬಟ್ಟೆ ಹಾಕುತ್ತಿದ್ದರು.

"ಅವರೇ ತುದಿ ನುಣ್ಣಗೆ ಮಾಡಿಕೊಟ್ರು. ಎಷ್ಟು ಹಗುರ ಗೊತ್ತಾ? ಮೊದಲೇ ಮುರಿದಿದ್ರೆ ನನಗೆ ಅಷ್ಟು ವರ್ಷದ ತೋಳುನೋವು ತಪ್ತಿತ್ತು."

"ಕೊಡಿ, ನಾನು ಹಾಕ್ತೀನಿ" ಅಂದೆ. ಬಕೆಟ್ಟಿನಲ್ಲಿ ಕೊನೆಯದಾಗಿ ಉಳಿದಿದ್ದ ಸೀರೆಯನ್ನು ಕೋಲಿನ ತುದಿಗೆ ಸಿಕ್ಕಿಸಿ ಎತ್ತಿದೆ. ಒದ್ದೆ ಸೀರೆಯ ಭಾರಕ್ಕೆ ಅದು ತುಸು ಬಾಗಿತು. ಸೀರೆ ಹಗ್ಗಕ್ಕೆ ಜಾರಿದ್ದೇ ಕೋಲು, ಬಾಣ ಬಿಟ್ಟ ಬಿಲ್ಲಿನ ಹಾಗೆ, ಒಮ್ಮೆ ಅದುರಿ ನೆಟ್ಟಗಾಯಿತು. ಲಲಿತಮ್ಮ ಅದನ್ನೇ ನೋಡುತ್ತಿದ್ದರು.

"ಇರಿ, ಇನ್ನೊಂದಿದೆ" ಎಂದು ಒಳಗೆ ಹೋದರು. ಒಣಗಿಸಿ ಮಡಿಚಿಟ್ಟಿದ್ದ ಟವೆಲೊಂದನ್ನು ಬಿಡಿಸಿ, ನಲ್ಲಿಯ ಕೆಳಗೆ ಹಿಡಿದು ತಂದರು.