ಹಿಂದಿನ ಪುಟದಿಂದ ಓದುತ್ತಿದ್ದವರು

ಗಫೂರ್ ಭಾಯ್ ಯಾವ ಪುಸ್ತಕವನ್ನೂ ಮುಂದಿನಿಂದ ತೆರೆದವರಲ್ಲ. ಯಲ್ಲಾಪುರದಲ್ಲಿ ನಾನು ಕಲಿಸುವ ಪ್ರಾಥಮಿಕ ಶಾಲೆಗೆ ಮೊದಲ ಸಲ ಬಂದು, ಮಗಳು ನಾಜಿಯಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕನ್ನಡದ ಚಿತ್ರಪುಸ್ತಕವನ್ನು ಕೊನೆಯ ಹಾಳೆಯಿಂದ ಬಿಡಿಸಿದರು. ನಾನು ಹತ್ತಿರ ಹೋಗಿ, ಅದು ಕೊನೆಯ ಪುಟ ಎಂದು ಮೆಲ್ಲಗೆ ಹೇಳಿದೆ. ಅವರಿಗೆ ನಗು ಬಂತು. "ನಮ್ಮ ಉರ್ದು ಪುಸ್ತಕ ಇಲ್ಲಿಂದಲೇ ಶುರುವಾಗೂದು ಅಕ್ಕೋರೆ. ಕೈ ಕೇಳೂದಿಲ್ಲ" ಅಂದರು.

ಅದು ನಮ್ಮ ಶನಿವಾರದ ಓದು. ಮಕ್ಕಳ ಜೊತೆ ಮನೆಯವರೊಬ್ಬರು ಬಂದು ಕೂತು ಕಥೆ ಓದಬೇಕು, ಆಮೇಲೆ ಅಂಗಳದಲ್ಲಿ ಎಲ್ಲರೂ ಸೇರಿ ಆಟ. ಬರುವವರೆಲ್ಲ ತಾಯಂದಿರು, ಅಜ್ಜಿಯರು. ಗಂಡಸು ಅಂದರೆ ಗಫೂರ್ ಭಾಯ್ ಒಬ್ಬರೇ. ಉಮ್ಮಚಗಿ ಕಡೆಯ ಅಂಗಡಿಗಳಿಗೆ ಸಾಮಾನು ಇಳಿಸಿ ಬಂದು, ಟೆಂಪೊ ಗೇಟಿನ ಹೊರಗೆ ನಿಲ್ಲಿಸಿ, ಕೈ ತೊಳೆದೇ ಪುಸ್ತಕ ಮುಟ್ಟುತ್ತಿದ್ದರು. ದಿನಾ ಉರ್ದು ಪೇಪರ್ ಓದುವ ಮನುಷ್ಯ. ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಅದಕ್ಕೇನಂತೆ, ಚಿತ್ರ ನೋಡಿಯೇ ಕಥೆ ಕಟ್ಟುತ್ತಿದ್ದರು. ಹಿಂದಿನಿಂದ ಕಟ್ಟುತ್ತಿದ್ದುದರಿಂದ ಅವರ ಕಥೆಯಲ್ಲಿ ಮುರಿದ ಗಾಡಿ ಮತ್ತೆ ಓಡುತ್ತಿತ್ತು, ನೆರೆಗೆ ಕೊಚ್ಚಿಹೋದ ಗುಡಿಸಲು ಎದ್ದು ನಿಲ್ಲುತ್ತಿತ್ತು. ಕೋಳಿಯ ಕೂಗು, ಘಟ್ಟ ಹತ್ತುವ ಲಾರಿಯ ಏದುಸಿರು ಎಲ್ಲವೂ ಗಂಟಲಿನಿಂದಲೇ. ಬೇರೆ ಮಕ್ಕಳೂ ಅವರ ಸುತ್ತ ಸೇರುತ್ತಿದ್ದರು. ಆಮೇಲೆ ಅಮ್ಮಂದಿರೂ ಒಬ್ಬೊಬ್ಬರಾಗಿ ಇತ್ತ ಜರುಗುತ್ತಿದ್ದರು. ನನಗೆ ತುಸು ಹೊಟ್ಟೆಕಿಚ್ಚೇ ಆಗುತ್ತಿತ್ತು.

ನಾಜಿಯಾ ಮೂರನೇ ಕ್ಲಾಸಿಗೆ ಬಂದಳು, ಸರಾಗವಾಗಿ ಓದತೊಡಗಿದಳು. ಅಲ್ಲಿಂದ ಅವಳಿಗೆ ಅಪ್ಪನ ಪಕ್ಕ ಕೂರುವುದು ಕಷ್ಟವಾಯಿತು. ಒಂದು ಶನಿವಾರ ಜಿಂಕೆಯ ಪುಸ್ತಕ ಸಿಕ್ಕಿತ್ತು. ಗಫೂರ್ ಭಾಯ್ ಕೊನೆಯ ಪುಟ ತೆರೆದು, ತಾಯಿ ಜಿಂಕೆ ಮಲಗಿದೆ, ಮರಿ ಅದನ್ನು ಎಬ್ಬಿಸುತ್ತಿದೆ ಎಂದು ಶುರುಮಾಡಿದ್ದರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಾಜಿಯಾ ಪುಸ್ತಕ ಕಿತ್ತುಕೊಂಡಳು. ಅಪ್ಪನ ಹತ್ತಿರ ಯಾವಾಗಲೂ ಉರ್ದು ಆಡುವ ಹುಡುಗಿ ಅಂದು ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದಳು: "ಅಬ್ಬು, ನಿಮಗೆ ಓದೂಕೆ ಬರೂದಿಲ್ಲ. ಇನ್ಮೇಲೆ ಬರಬೇಡಿ."

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಎದ್ದು ಚಪ್ಪಲಿ ಮೆಟ್ಟಿ ಹೊರಟುಹೋದರು. ಟೆಂಪೊ ಸದ್ದು ದೂರವಾದ ಮೇಲೆ ನಾಜಿಯಾ ಮೊದಲ ಪುಟ ತೆರೆದು ಓದಲು ಕೂತಳು.

ಆಮೇಲಿನ ಶನಿವಾರಗಳಲ್ಲಿ ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ. ಹುಡುಗಿ ಗೇಟಿನ ಕಡೆ ನೋಡುವಳು, ಬಾಯಿಬಿಟ್ಟು ಕೇಳಳು. ನಾನು ಫೋನ್ ಮಾಡಿದರೆ ಬಾಡಿಗೆ ಇದೆ ಅಕ್ಕೋರೆ ಎನ್ನುವರು. ಒಮ್ಮೆ ಬನ್ನಿ, ಅವಳಿಗೆ ನೀವು ಬೇಕು ಎಂದು ಅಂಗಲಾಚಿದರೂ ಅಷ್ಟೇ ಉತ್ತರ. ಅಷ್ಟರಲ್ಲಿ ಅವರ ಸಂಸಾರ ಹುಬ್ಬಳ್ಳಿಗೆ ಹೋಗುವುದು ನಿಶ್ಚಯವಾಯಿತು.

ಮಗಳ ಟಿ.ಸಿ. ಒಯ್ಯಲು ಬಂದಾಗಲೇ ನಾನು ಅವರನ್ನು ಕಡೆಯ ಸಲ ನೋಡಿದ್ದು. ಚಹಾ ಕೊಟ್ಟರೆ ಕುಡಿಯಲಿಲ್ಲ. ಮಕ್ಕಳ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂದೆ. ಅವಳು ಹೇಳಿದ್ದರಲ್ಲಿ ಸುಳ್ಳೇನಿದೆ ಎಂದು ಅವರೇ ನನ್ನನ್ನು ಸಮಾಧಾನಪಡಿಸಿದರು. ಬಾಗಿಲ ತನಕ ಹೋಗಿ ನಿಂತರು.

"ಅಕ್ಕೋರೆ, ಆ ತಾಯಿ ಜಿಂಕೆ ಮಲಗಿದ್ದಾ, ಸತ್ತಿದ್ದಾ?"

ಸತ್ತಿದ್ದು ಅಂದೆ.

"ಅದನ್ನ ನಾಜಿಯಾ ಒಬ್ಳೇ ಓದಿದ್ಲಾ?"

ಹೌದೆಂದೆ. ಓದುತ್ತ ಓದುತ್ತ ಅತ್ತಳೆಂದೂ ಹೇಳಿದೆ, ಮುಚ್ಚಿಡಲು ನನ್ನಿಂದಾಗಲಿಲ್ಲ.

"ಹಾಗಾದ್ರೆ ನಾ ಎದ್ದು ಹೋಗಬಾರದಿತ್ತು" ಅಂದರು.