ತುಪ್ಪದನ್ನದ ಮೇಲೊಂದು ಮಾತ್ರೆ

ಬೆಣ್ಣೆ ಕಾಯಿಸುವಾಗ ನಮ್ಮ ಡಾಕ್‌ಲ್ಯಾಂಡ್ಸ್ ಫ್ಲ್ಯಾಟಿನ ಸ್ಮೋಕ್ ಅಲಾರಂ ಬಡಿದುಕೊಳ್ಳದಂತೆ ಕಿಟಕಿಗಳನ್ನೆಲ್ಲ ತೆರೆದಿಡಬೇಕು. ಇವತ್ತೂ ತೆರೆದಿಟ್ಟು, ಹದವಾದ ತುಪ್ಪದ ಪರಿಮಳಕ್ಕೆ ಮೂಗೊಡ್ಡಿ ನಿಂತಾಗ ಸಿಡ್ನಿಯ ಕಮಲಾ ಆಂಟಿ ನೆನಪಾದರು. ಎರಡು ಸಾವಿರದ ಆ ಮೊದಲ ವರ್ಷಗಳಲ್ಲಿ, ಓದಲು ಬಂದ ಹೊಸತರಲ್ಲಿ, ಬ್ಲ್ಯಾಕ್‌ಟೌನ್‌ನ ಅವರ ಮನೆಯಲ್ಲಿ ಒಂದು ರೂಮು ಹಿಡಿದಿದ್ದೆ. ರೆಂಟ್ ರೂಮಿಗೆ ಮಾತ್ರ. ಊಟ ಅವರ ಬಲವಂತ.

ಆಂಟಿ ಬಸ್ ಡ್ರೈವರ್. ನೀವು ನಂಬಲಿಕ್ಕಿಲ್ಲ, ನಾನೂ ನಂಬಿರಲಿಲ್ಲ. ಮೈಸೂರಿನಲ್ಲಿ ಸೈಕಲ್ಲನ್ನೂ ಮುಟ್ಟದವರು ಸಿಡ್ನಿಗೆ ಬಂದು, ಮಕ್ಕಳು ದೊಡ್ಡವರಾದ ಮೇಲೆ, ಅಷ್ಟುದ್ದದ ಬಸ್ಸಿನ ಲೈಸೆನ್ಸ್ ತೆಗೆದುಕೊಂಡಿದ್ದರು. ಯೂನಿಫಾರ್ಮ್ ಹಾಕಿದರೆ ಅವರ ನಡಿಗೆಯೇ ಬೇರೆ.

ಮುಟ್ಟು ನಿಂತ ಮೇಲೆ ಮೈ ಬಿಸಿಯೇರುವುದು, ನಿದ್ದೆಗೆಡುವುದು ಶುರುವಾಗಿ, ಊರಿಗೆ ಹೋದಾಗ ಡಾಕ್ಟರು ಹಾರ್ಮೋನ್ ಮಾತ್ರೆ ಬರೆದುಕೊಟ್ಟರು. ಅದರಲ್ಲೊಂದು ರಾತ್ರಿ ನುಂಗುವ, ಎಣ್ಣೆ ತುಂಬಿದ ಗುಂಡನೆಯ ಕ್ಯಾಪ್ಸೂಲ್. ಬಿಸಿಯೇನೋ ಇಳಿಯಿತು. ಆದರೆ ಬೆಳಿಗ್ಗೆ ಎದ್ದರೆ ತಲೆಸುತ್ತು, ಮಂಪರು. ಮಾತ್ರೆ ಬಿಟ್ಟರೆ ನಿದ್ದೆಯಿಲ್ಲ, ನುಂಗಿದರೆ ಎಚ್ಚರವಿಲ್ಲ. ಆಂಟಿ ರಜೆ ಹಾಕಿ ಕೂತರು.

"ಹಿಂದೆ ಸ್ಕೂಲ್ ಮಕ್ಳಿರ್ತಾವೆ ಕಣೇ. ಈ ತಲೆ ಇಟ್ಕೊಂಡು ನಾನು ಸ್ಟೀರಿಂಗ್ ಮುಟ್ಟಲ್ಲ" ಎಂದರು. ಕೆಲಸ ಬಿಡುವುದೆಂದು ತೀರ್ಮಾನಿಸಿಯೂ ಆಗಿತ್ತು.

ಕೊನೆಯದಾಗಿ ಸಿಡ್ನಿಯ ಡಾಕ್ಟರಮ್ಮನ ಹತ್ತಿರ ಹೋದೆವು, ಬಾಲದಂತೆ ನಾನೂ. ದಿನವೂ ಹೀಗೆಯೇ ಎಂದು ಅವರು ಕೇಳಿದರು. ಇಲ್ಲ, ಶುಕ್ರವಾರ ಬೆಳಿಗ್ಗೆ ಮಾತ್ರ ತಲೆ ಹಗುರ ಎಂದರು ಆಂಟಿ. ಗುರುವಾರ ತಾನು ಒಪ್ಪತ್ತು, ರಾತ್ರಿ ಊಟವಿಲ್ಲ, ಮಾತ್ರೆ ಬರೀ ನೀರಿನ ಜೊತೆ, ಎಲ್ಲ ಗುರುಗಳ ದಯೆ ಎಂದೂ ಸೇರಿಸಿದರು. ಹಾಗಾದರೆ ಉಳಿದ ರಾತ್ರಿ ಎಂದರು ಡಾಕ್ಟರಮ್ಮ. ವ್ರತದ ದಿನ ಬಿಟ್ಟರೆ ಖಾಲಿ ಹೊಟ್ಟೆಗೆ ಮಾತ್ರೆ ನುಂಗಬಾರದೆಂಬುದು ನಮ್ಮ ಮನೆಗಳಲ್ಲಿ ಶಾಸನ. ಹಸಿವಿರಲಿ ಬಿಡಲಿ, ಅನ್ನಕ್ಕೆ ತುಪ್ಪ ಸುರಿದು ಉಂಡು, ಹಿಂದೆಯೇ ಕ್ಯಾಪ್ಸೂಲ್.

ಡಾಕ್ಟರಮ್ಮ ನಗಲಿಲ್ಲ. ಈ ಔಷಧಿ ಊಟದ ಜೊತೆ, ಅದರಲ್ಲೂ ಜಿಡ್ಡಿನ ಊಟದ ಜೊತೆ ಹೋದರೆ ರಕ್ತಕ್ಕೆ ತುಂಬ ಹೆಚ್ಚು ಸೇರುತ್ತದೆ, ನಿದ್ದೆ ತರಿಸುವ ಗುಣವಂತೂ ಅದಕ್ಕೆ ಮೊದಲೇ ಇದೆ ಎಂದು ಬಿಡಿಸಿ ಹೇಳಿದರು. ಊಟ ಬೇಗ ಮುಗಿಸಿ, ಹೊಟ್ಟೆ ಹಗುರಾದ ಮೇಲೆ, ಮಲಗುವಾಗ ನುಂಗಬೇಕು. ತಲೆ ಪೂರ್ತಿ ತಿಳಿಯಾಗುವ ತನಕ ಬಸ್ ಬೇಡ.

ನಾನು ಬೆರಗಾಗಿ ಕೂತಿದ್ದೆ. ಹೊಟ್ಟೆಯೆಂದರೆ ಸಿಕ್ಕಿದ್ದನ್ನೆಲ್ಲ ತುರುಕುವ ಚೀಲವೆಂದು ಅದುವರೆಗೆ ತಿಳಿದಿದ್ದವಳು. ಅದರೊಳಗೆ ಇಷ್ಟು ನಾಜೂಕಿನ ಕೆಲಸ ನಡೆಯುತ್ತಿದೆ. ಒಂದು ಮಿಳ್ಳೆ ತುಪ್ಪ ಅಷ್ಟು ದೊಡ್ಡ ಬಸ್ಸನ್ನು ನಿಲ್ಲಿಸಬಲ್ಲದು. ಅವತ್ತಿನಿಂದ ಆಂಟಿ ಸಂಜೆಯೇ ಊಟ ಮುಗಿಸತೊಡಗಿದರು.

ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಆಂಟಿಯ ಬಸ್ಸಿನಲ್ಲೇ ಸ್ಟೇಷನ್ನಿಗೆ ಹೋದೆ. ತಿರುವಿನಲ್ಲಿ ಅಷ್ಟುದ್ದದ ಗಾಡಿ ಅವರ ಕೈಯಲ್ಲಿ ಹೂವಿನಂತೆ ಹೊರಳಿತು. ನಿವೃತ್ತಿಯವರೆಗೂ ಅವರು ಆ ಸೀಟು ಬಿಡಲಿಲ್ಲ.

ನಾನೂ ಈಗ ಅವರ ಆ ವಯಸ್ಸಿಗೆ ಬಂದಿದ್ದೇನೆ. ಒಲೆ ಆರಿಸಿದ ಮೇಲೂ ಮೈ ಧಗ್ಗೆಂದಿತು. ನಿನ್ನೆಯವರೆಗೆ ಹಾಳು ಮೈ ಎಂದು ಬೈಯುತ್ತಿದ್ದೆ. ಇವತ್ತು ಹೊಟ್ಟೆಯ ಮೇಲೆ ಕೈಯಿಟ್ಟು, ನನಗೆ ತಿಳಿಯದಂತೆ ಇಷ್ಟೆಲ್ಲ ನಡೆಸುವ ನಿನಗೆ ಏನು ಬೇಕು ಹೇಳು ಎಂದು ಕೇಳಿದೆ.